ಓದುಗರ ಪ್ರಶ್ನೆ: ತೋಟದ ಇಲಿ ಮರದ ಮೇಲಿನದ್ದೋ, ಬಿಲದ್ದೋ?

ಪ್ರಶ್ನೆ: ಬದಿಯಡ್ಕದ ಹತ್ರ ನಮ್ದೊಂದು ಸಣ್ಣ ಅಡಿಕೆ ತೋಟ, ನಡುವೆ ಕೊಕ್ಕೊ, ಬದಿಯಲ್ಲಿ ತೆಂಗು, ಮನೆ ಹಿಂದೆ ಸ್ವಲ್ಪ ಗೆಣಸು ತರಕಾರಿ. ಮಳೆಗಾಲದಲ್ಲಿ ಅಷ್ಟು ಕಾಣದ ಇಲಿ ಚಳಿ ಶುರುವಾದ ಕೂಡ್ಲೆ ಎಲ್ಲಿಂದ ಬರ್ತದೋ ಗೊತ್ತಿಲ್ಲ, ತೆಂಗಿನ ಬೊಂಡ ಉದುರಿಸ್ತದೆ, ಕೊಕ್ಕೊ ಕೊರೀತದೆ, ಮೊನ್ನೆ ಡ್ರಿಪ್ ಪೈಪನ್ನೂ ಕಡಿದು ಹಾಕಿದೆ. ಪೇಟೆಯಿಂದ ಕಪ್ಪು ಪುಡಿಯ ಪಾಷಾಣ ತಂದು ಇಟ್ರೆ ಒಂದು ಸಲ ತಿಂತದೆ, ಮತ್ತೆ ಮೂಸಿಯೂ ನೋಡುದಿಲ್ಲ. ಎಂತ ಮಾಡುದು?
- ಒಬ್ಬ ಕೃಷಿಕರು

ಉತ್ತರ: ಇಲಿ ದೂರದಿಂದ ಬರುದಲ್ಲ ಅಣ್ಣ, ಬೈಲಿನಲ್ಲಿ ಗದ್ದೆ ಕೊಯ್ಲಾದ ಮೇಲೆ ಅಲ್ಲಿ ಅದಕ್ಕೆ ಊಟ ಇಲ್ಲ, ಅದೇ ಹೊತ್ತಿಗೆ ನಾವು ತೋಟಕ್ಕೆ ನೀರು ಬಿಡ್ಲಿಕ್ಕೆ ಶುರು ಮಾಡ್ತೇವೆ, ಮಣ್ಣು ಮೆತ್ತಗೆ ತಂಪಾಗಿ ಇರ್ತದೆ, ಅಂಗಳದಲ್ಲಿ ಅಡಿಕೆ, ಕೊಟ್ಟಿಗೆಯಲ್ಲಿ ಬೈಹುಲ್ಲು, ಹಿಂದೆ ಕಟ್ಟಿಗೆ ರಾಶಿ, ಇಷ್ಟೆಲ್ಲ ಉಂಟಲ್ಲ, ಮತ್ತೆ ಬಾರದೆ ಇರ್ತದಾ? ಹೊಟ್ಟೆಯಲ್ಲಿ ಮರಿ ಇರುದು ಮೂರು ವಾರ ಅಷ್ಟೆ, ಹುಟ್ಟಿದ್ದು ಎರಡು ಮೂರು ತಿಂಗಳಲ್ಲಿ ತಾನೂ ಮರಿ ಹಾಕ್ಲಿಕ್ಕೆ ತಯಾರು. ಅಕ್ಟೋಬರಲ್ಲಿ ನಾಲ್ಕು ಬಿಟ್ರೆ ಜನವರಿಯಲ್ಲಿ ದೊಡ್ಡ ಸಂಸಾರ.

ಪಾಷಾಣ ತರುವ ಮೊದ್ಲು ನೋಡ್ಬೇಕಾದ್ದು ಒಂದೇ, ನಿಮ್ಮಲ್ಲಿ ಇರುದು ಮರ ಹತ್ತುವ ಇಲಿಯಾ ಬಿಲ ತೋಡುವ ಹೆಗ್ಗಣವಾ ಅಂತ. ಮರದ್ದು ಸಪೂರ, ಮೈಗಿಂತ ಬಾಲ ಉದ್ದ, ಮರದ ಮಂಡೆಯಲ್ಲೇ, ಅಂದ್ರೆ ಮೇಲೆ ಸೋಗೆಗಳ ನಡುವೆಯೇ, ಗೂಡು ಮಾಡಿಕೊಂಡು ಕೆಳಗೆ ಇಳಿಯುದೇ ಕಡಿಮೆ. ಹೆಗ್ಗಣ ದಪ್ಪ, ಬಾಲ ಗಿಡ್ಡ, ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಪ್ಪೆ ಇರ್ತದೆ. ತೆಂಗಿನ ಬುಡದಲ್ಲಿ ಪಾಷಾಣ ಇಟ್ಟು ಮೇಲಿನ ಇಲಿ ಸಾಯ್ಲಿಲ್ಲ ಅಂತ ಹೇಳುವವರು ನಮ್ಮಲ್ಲಿ ತುಂಬ ಜನ. ನಿಮ್ಮ ಪತ್ರ ನೋಡಿದ್ರೆ ಎರಡೂ ಉಂಟು ಅಂತ ಕಾಣ್ತದೆ, ಬೊಂಡಕ್ಕೆ ಒಂದು, ಗೆಣಸಿಗೆ ಇನ್ನೊಂದು.

ಬಿದ್ದ ಬೊಂಡ ಎತ್ತಿ ನೋಡಿ, ತೊಟ್ಟಿನ ಹತ್ರ ತೂತು ಇದ್ರೆ ಅದು ಇಲಿಯೇ. ಕೊಕ್ಕೊ ಕಾಯಿಯಲ್ಲೂ ಹಾಗೆ, ತೊಟ್ಟಿನ ಬದಿ ಕೊರೆದ್ರೆ ಇಲಿ, ನಡು ಹೊಟ್ಟೆ ಕೊರೆದ್ರೆ ಅಳಿಲು. ಅಳಿಲಿಗೆ ವಿಷ ಇಡ್ಲಿಕ್ಕೆ ಹೋಗ್ಬೇಡಿ, ಹಣ್ಣಾದ ಕಾಯಿ ಮರದಲ್ಲಿ ಬಿಡದೆ ಆಗಾಗ ಕೊಯ್ದ್ರೆ ಅರ್ಧ ಉಪದ್ರ ಹೋಗ್ತದೆ.

ನಿಮ್ಮ ಕಪ್ಪು ಪುಡಿ ಜಿಂಕ್ ಫಾಸ್ಫೈಡ್ ಇರ್ಬೇಕು. ಅದು ಬೇಗ ಕೆಲ್ಸ ಮಾಡ್ತದೆ, ಅದೇ ಅದರ ದೋಷ ಕೂಡ, ಸ್ವಲ್ಪ ತಿಂದು ಹೊಟ್ಟೆ ಕೆಟ್ಟು ಬದುಕಿದ ಇಲಿ ಆ ತಿಂಡಿಯ ಹತ್ರ ಮತ್ತೆ ಬರುದಿಲ್ಲ. ಅದನ್ನು ಇಡುವವರು ಮೊದ್ಲು ಎರಡು ಮೂರು ದಿನ ಬರೀ ತಿಂಡಿ ಇಟ್ಟು ಅಭ್ಯಾಸ ಮಾಡಿಸ್ಬೇಕು, ಯಾರಿಗೆ ಅಷ್ಟು ಪುರುಸೊತ್ತು? ಬ್ರೋಮಾಡಿಯೋಲೋನ್ ಅಂತ ಇನ್ನೊಂದು ಇಲಿ ಪಾಷಾಣ ಉಂಟು, ಅದು ಕೆಲವು ದಿನ ಬಿಟ್ಟು ಕೊಲ್ತದೆ, ಹಾಗಾಗಿ ಇಲಿಗೆ ಸಂಶಯ ಬರುದಿಲ್ಲ. 0.005 ಶೇಕಡಾದ ಮೇಣದ ಬಿಲ್ಲೆ, ಸುಮಾರು 10 ಗ್ರಾಂ, ತೆಂಗಿನ ಮಂಡೆಯಲ್ಲಿ ಇಡಿಸಿ, 12 ದಿನ ಬಿಟ್ಟು ಇನ್ನೊಮ್ಮೆ. ಎಲ್ಲ ಮರಕ್ಕೆ ಹತ್ತಿಸ್ಬೇಕಂತಿಲ್ಲ, ಐದು ಮರಕ್ಕೆ ಒಂದು ಸಾಕು, ಸೋಗೆಯಿಂದ ಸೋಗೆಗೆ ಹಾರಿ ಅದೇ ಹುಡುಕಿಕೊಂಡು ಬರ್ತದೆ. ಮರ ಹತ್ತುವವರು ಸಿಕ್ಕುದೇ ಕಷ್ಟ, ಹಾಗಾಗಿ ಕಾಯಿ ಕೊಯ್ಯುವ ದಿನವೇ ಮಂಡೆ ಕ್ಲೀನ್ ಮಾಡಿಸಿ ಬಿಲ್ಲೆಯೂ ಇಡಿಸಿ, ಒಂದೇ ಕೂಲಿ. ಕೊಕ್ಕೊಗೆ ಗೆಲ್ಲಿನಲ್ಲಿ ಕಟ್ಟಿದ್ರೆ ಆಯ್ತು. ಕಾಂಡಕ್ಕೆ ತಗಡು ಸುತ್ತುದು ಒಂಟಿ ಮರಕ್ಕೆ ಒಳ್ಳೇದು, ನಮ್ಮ ಹಾಗೆ ಒತ್ತೊತ್ತಾಗಿ ನೆಟ್ಟಲ್ಲಿ ದುಡ್ಡು ದಂಡ.

ಹೆಗ್ಗಣಕ್ಕೆ ಸಂಜೆ ಎಲ್ಲ ಬಿಲದ ಬಾಯಿ ಮಣ್ಣು ಹಾಕಿ ಮುಚ್ಚಿ, ಮರುದಿನ ಬೆಳಿಗ್ಗೆ ಯಾವ್ದು ಓಪನ್ ಆಗಿದೆಯೋ ಅದರಲ್ಲಿ ಮಾತ್ರ ಹೆಗ್ಗಣ ಉಂಟು. ನುಚ್ಚಕ್ಕಿ 96 ಪಾಲು, ತೆಂಗಿನೆಣ್ಣೆ 2 ಪಾಲು, 0.25 ಶೇಕಡಾದ ಬ್ರೋಮಾಡಿಯೋಲೋನ್ ಪುಡಿ 2 ಪಾಲು ಕಲಸಿ, ಕೈಗೆ ಗ್ಲೌಸ್ ಹಾಕಿಕೊಂಡು, ಕಾಗದದ ಪೊಟ್ಟಣ ಮಾಡಿ ಬಿಲದ ಒಳಗೆ ತಳ್ಳಿ ಬಾಯಿ ಮುಚ್ಚಿ. ಹೊರಗೆ ಚೆಲ್ಲಿದ್ರೆ ಕೋಳಿ, ನಾಯಿ, ನವಿಲು ತಿಂತದೆ. ನಾಯಿ ತಿಂದದ್ದು ಗೊತ್ತಾದ್ರೆ ಪ್ಯಾಕೆಟ್ ಸಮೇತ ಮೃಗಾಸ್ಪತ್ರೆಗೆ ಓಡಿ, ಇದಕ್ಕೆ ವಿಟಮಿನ್ ಕೆ1 ಮದ್ದುಂಟು. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟಿಗೆ ಅಂತ ಮದ್ದು ಇಲ್ಲ, ಮನುಷ್ಯರ ಲಿವರನ್ನೇ ತೆಗೀತದೆ, ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಿ, ಗೂಬೆ ತಿಂದ್ರೆ ಅದೂ ಸಾಯ್ತದೆ.

ನೀವು ಒಬ್ರೇ ಮಾಡಿದ್ರೆ ಆಚೆ ತೋಟದ್ದು ಬಂದು ಖಾಲಿ ಬಿಲದಲ್ಲಿ ಕೂರ್ತದೆ, ಹಾಗಾಗಿ ನೆರೆಕರೆಯವರು ನಾಲ್ಕು ಮನೆ ಸೇರಿ ಒಂದೇ ವಾರದಲ್ಲಿ ಇಡಿ. ಅಳತೆಯಲ್ಲಿ ಡೌಟ್ ಇದ್ರೆ ಪಂಚಾಯತಿನ ಕೃಷಿ ಭವನದಲ್ಲಿ ಕೇಳಿ, ಕಾಸರಗೋಡಿನಲ್ಲೇ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಕೂಡ ಉಂಟಲ್ಲ. ಮತ್ತೆ ಕೇರೆ ಹಾವು ಕಂಡ್ರೆ ದಯವಿಟ್ಟು ಹೊಡಿಬೇಡಿ ಮಾರಾಯ್ರೆ, ಸಂಬಳ ಇಲ್ಲದೆ ದುಡಿಯುದು ಅದೊಂದೇ.

ಪ್ರಶ್ನೆ: ಪ್ಲಗ್ಗಿಗೆ ಹಾಕುವ ಸೌಂಡ್ ಮೆಷಿನ್ ಆನ್‌ಲೈನಲ್ಲಿ ಸಿಗ್ತದೆ, ನಮ್ಮ ಟೆರೇಸ್ ತರಕಾರಿಗೆ ಆಗ್ಬಹುದಾ?
- ಕುಂಬಳೆಯ ಓದುಗರು

ಉತ್ತರ: ಬೇಡ ಅಕ್ಕ. ಆ ಶಬ್ದ ಗೋಡೆ ದಾಟುದಿಲ್ಲ, ತೆರೆದ ಜಾಗದಲ್ಲಿ ನಿಲ್ಲುದೂ ಇಲ್ಲ, ಇಲಿಗೆ ಬೇಗ ಅಭ್ಯಾಸ ಆಗಿ ಹೋಗ್ತದೆ. ಅದರ ಬದ್ಲು ಒಂದು ಬೋನು ತನ್ನಿ, ಸುಟ್ಟ ಕೊಬ್ಬರಿ ತುಂಡು ಸಿಕ್ಕಿಸಿ, ಎರಡು ದಿನ ಬಾಗಿಲು ಬೀಳದ ಹಾಗೆ ಕಟ್ಟಿಡಿ, ಹೊಸ ಸಾಮಾನು ಕಂಡ್ರೆ ಇಲಿಗೆ ಹೆದರಿಕೆ. ಹೆದರಿಕೆ ಬಿಟ್ಟ ಮೇಲೆ ಬಾಗಿಲು ಸೆಟ್ ಮಾಡಿ. ಕಂಪೋಸ್ಟ್ ಬಕೆಟಿಗೆ ಅನ್ನ ಹಾಕುದು ನಿಲ್ಲಿಸಿ, ಮುಚ್ಚಳ ಗಟ್ಟಿ ಇರ್ಲಿ.

ಪ್ರಶ್ನೆ: ಚಳಿಗಾಲದಲ್ಲೂ ಇಲಿಜ್ವರ ಬರ್ತದಾ? ನಮ್ಮ ಯಜಮಾನ್ರು ಬರಿಗಾಲಲ್ಲೇ ತೋಡಿಗೆ ಇಳಿಯುದು.
- ಪೆರ್ಲದ ಓದುಗರು

ಉತ್ತರ: ಮಳೆಗಾಲದಲ್ಲಿ ಜಾಸ್ತಿ, ಆದ್ರೆ ಇಲಿ ಮೂತ್ರ ಬಿದ್ದ ನೀರು, ಒದ್ದೆ ಮಣ್ಣು ಇದ್ದಲ್ಲಿ ಯಾವಾಗ್ಲೂ ಬರ್ಬಹುದು. ಕಾಲಲ್ಲಿ ಗಾಯ ಬಿರುಕು ಇದ್ರೆ ರೋಗಾಣು ಅದರ ಮೂಲಕವೇ ಒಳಗೆ ಹೋಗ್ತದೆ, ಗಂಬೂಟ್ ಹಾಕ್ಲಿಕ್ಕೆ ಹೇಳಿ. ದಿನಾ ಅಂತ ನೀರಲ್ಲಿ ಕೆಲ್ಸ ಮಾಡುವವರಿಗೆ ಆರೋಗ್ಯ ಕೇಂದ್ರದಲ್ಲಿ ಡಾಕ್ಸಿಸೈಕ್ಲಿನ್ ಕೊಡ್ತಾರೆ, ಡಾಕ್ಟ್ರನ್ನು ಕೇಳದೆ ನುಂಗ್ಬಾರ್ದು. ಜ್ವರದ ಜೊತೆ ಮೀನಖಂಡ ವಿಪರೀತ ನೋವು, ಕಣ್ಣು ಕೆಂಪು ಆದ್ರೆ ಮನೆಮದ್ದು ಮಾಡಿಕೊಂಡು ಕೂರ್ಬೇಡಿ, ಅದೇ ದಿನ ಹೋಗಿ, ಡಾಕ್ಟ್ರು ಕೇಳದಿದ್ರೂ ತೋಡಿಗೆ ಇಳಿಯುವ ವಿಷಯ ನೀವೇ ಹೇಳಿ.