ಯುಟಿಲಿಟಿ ಬಾಗಿಲು ಹಾಕಿಕೊಂಡು ಸೇದಿದರೆ ಸಾಕಾ?

ವಿಜಯನಗರದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರ ಉದ್ದ ಇದೆ, ಮುಖ್ಯವಾದದ್ದು ಇಷ್ಟು:

"ಹೋದ ಸಂಚಿಕೆಯಲ್ಲಿ ಮಕ್ಕಳ ವೀಜಿಂಗ್ (ಎದೆ ಕಟ್ಟಿ ಉಸಿರಾಡುವಾಗ ಸುಯ್ ಅನ್ನೋದು) ಬಗ್ಗೆ ಬರೆಯುತ್ತಾ, ಮನೆಯಲ್ಲಿ ಯಾರಾದರೂ ಸೇದುತ್ತಿದ್ದರೆ ಬಿಡಬೇಕು ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಬಿಡೋದು ಹೇಗೆ ಅಂತ ಯಾರು ಹೇಳ್ತಾರೆ? ನನಗೆ 34 ವರ್ಷ. ದಿನಕ್ಕೆ ಹತ್ತು ಸಿಗರೇಟು. ಮಗಳಿಗೆ ಮೂರೂವರೆ ವರ್ಷ. ತಿಂಗಳಿಗೊಮ್ಮೆ ಎದೆ ಕಟ್ಟುತ್ತೆ, ರಾತ್ರಿ ಎದ್ದು ನೆಬ್ಯುಲೈಸರ್ ಹಾಕ್ತೀವಿ. ಅವಳ ಮುಂದೆ ನಾನು ಯಾವತ್ತೂ ಸೇದಿಲ್ಲ. ಅಡುಗೆಮನೆ ಪಕ್ಕ ಬಟ್ಟೆ ಒಗೆಯೋ ಯುಟಿಲಿಟಿಗೆ ಹೋಗಿ ಬಾಗಿಲು ಹಾಕಿಕೊಂಡು ಸೇದ್ತೀನಿ. ಅಷ್ಟು ಸಾಲದಾ? ಮೂರು ಸಲ ಬಿಟ್ಟಿದ್ದೇನೆ. ಒಂದು ಸಲ ಯುಗಾದಿಗೆ, ಒಂಬತ್ತು ದಿನ. ಒಂದು ಸಲ ಮಗಳು ಹುಟ್ಟಿದಾಗ, ಎರಡು ತಿಂಗಳು. ಆಮೇಲೆ ಅಯ್ಯಪ್ಪನ ಮಾಲೆ ಹಾಕಿದಾಗ 41 ದಿನ. ಬೆಟ್ಟ ಇಳಿದು ವಾಪಸ್ ಬರುವಾಗ ಬಸ್ಸು ಟೀಗೆ ನಿಲ್ಲಿಸಿದ ಕಡೆ ಮತ್ತೆ ಹಚ್ಚಿದೆ. ನಮ್ಮ ಅಪ್ಪ ಹಾಲ್‌ನಲ್ಲೇ ಕೂತು ಬೀಡಿ ಸೇದ್ತಾರೆ. ನಾನು ಸೇದೋದು ಅವರಿಗೆ ಗೊತ್ತಿಲ್ಲ, ಗೊತ್ತಿದ್ದರೂ ಗೊತ್ತಿಲ್ಲದ ಹಾಗೆ ಇದ್ದಾರೆ. ಯಾವ ಮುಖ ಇಟ್ಟುಕೊಂಡು ಅವರಿಗೆ ಹೇಳಲಿ? ಬರೋ ಶನಿವಾರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು. ಹೆಂಡತಿ ಮಗೂನ ಒಳಗೆ ಕರಕೊಂಡು ಹೋಗ್ತಾಳೆ. ನಾನು ಹೊರಗೆ ನಿಂತಿರ್ತೀನಿ."

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೇಳಿದ್ದು ಸರಿ. ಬಿಡಬೇಕು ಅಂತ ಹೇಳಿ, ಹೇಗೆ ಅಂತ ಹೇಳದೆ ಹೋದದ್ದು ನಮ್ಮ ತಪ್ಪು. ಈಗ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಯುಟಿಲಿಟಿ ವಿಷಯ. ಸಾಲದು. ನಮ್ಮ ಬೆಂಗಳೂರಿನ ಮನೆಗಳಲ್ಲಿ ಯುಟಿಲಿಟಿ ಇರುವುದೇ ಅಡುಗೆಮನೆಗೆ ಅಂಟಿಕೊಂಡು. ನಡುವೆ ಒಂದು ಬಾಗಿಲು, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು. ಒಳಗೆ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಅದು ಆ ಸಂದಿನಿಂದಲೇ ಗಾಳಿ ಎಳೆದುಕೊಳ್ಳುತ್ತದೆ, ಜೊತೆಗೆ ನಿಮ್ಮ ಹೊಗೆಯನ್ನೂ. ಇನ್ನೊಂದು ವಿಷಯ ಯೋಚಿಸಿ. ವಾಷಿಂಗ್ ಮೆಷಿನ್ ಇರೋದು ಅಲ್ಲೇ ಅಲ್ವಾ? ಬಟ್ಟೆ ಒಣಗಿಸುವ ಹಗ್ಗವೂ ಅಲ್ಲೇ. ಮಗಳ ಫ್ರಾಕು, ಅವಳ ದಿಂಬಿನ ಕವರು, ಅವಳು ಹೊದ್ದುಕೊಳ್ಳುವ ಚಾದರ ಎಲ್ಲಾ ನೇತಾಡುವ ಜಾಗದಲ್ಲಿ ನಿಂತು ನೀವು ಸೇದುತ್ತಿದ್ದೀರಿ. ಹೊಗೆ ಕಣ್ಣಿಗೆ ಕಾಣದೆ ಹೋದರೂ ಅದರ ಅಂಶ ಬಟ್ಟೆಗೆ, ಗೋಡೆಗೆ, ಸೋಫಾಗೆ, ನಿಮ್ಮ ಶರಟಿಗೆ, ಕೂದಲಿಗೆ ಅಂಟಿಕೊಂಡು ಉಳಿಯುತ್ತದೆ. ಸೇದಿ ಬಂದ ಮೇಲೆ ಬಾಯಿ ಮುಕ್ಕಳಿಸಿದರೂ ಕೆಲವು ನಿಮಿಷಗಳ ಕಾಲ ನಿಮ್ಮ ಉಸಿರಿನಲ್ಲೇ ಹೊಗೆಯ ಕಣಗಳು ಬರುತ್ತಿರುತ್ತವೆ. ಆ ಹೊತ್ತಿಗೆ ಸರಿಯಾಗಿ ಮಗಳು ಓಡಿ ಬಂದು ಕುತ್ತಿಗೆಗೆ ಜೋತು ಬಿದ್ದಿರುತ್ತಾಳೆ.

ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು. ಬೇರೆಯವರು ಬಿಟ್ಟ ಹೊಗೆಯನ್ನು ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ, ಕಿಟಕಿ ತೆಗೆದರೂ ಫ್ಯಾನ್ ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ ಅಂತ ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ 2006ರಲ್ಲೇ ಹೇಳಿತ್ತು. ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ, ಅವರ ಉಸಿರಿನ ನಾಳಗಳು ಸಣ್ಣವು. ಅದಕ್ಕೇ ಸೇದುವವರ ಮನೆಯ ಮಕ್ಕಳಿಗೆ ವೀಜಿಂಗ್, ಅಸ್ತಮಾ, ನ್ಯುಮೋನಿಯಾ, ಕಿವಿಯ ಸೋಂಕು ಜಾಸ್ತಿ. ಎಳೆ ಕೂಸುಗಳಲ್ಲಿ ನಿದ್ದೆಯಲ್ಲೇ ಆಗುವ ಹಠಾತ್ ಸಾವಿನ ಅಪಾಯವೂ ಜಾಸ್ತಿ. ನಿಮ್ಮ ಮಗಳ ವೀಜಿಂಗಿಗೆ ಸಿಗರೇಟೇ ಕಾರಣ ಅಂತ ನಾನು ಹೇಳುತ್ತಿಲ್ಲ, ಅದನ್ನು ಡಾಕ್ಟರೇ ನೋಡಬೇಕು. ಬೆಂಗಳೂರಿನ ಧೂಳೂ ಇದೆ, ಪಾರ್ಥೇನಿಯಂ ಇದೆ, ಮನೆಯ ಸೊಳ್ಳೆ ಬತ್ತಿ ಇದೆ (ಅದನ್ನೂ ನಿಲ್ಲಿಸಿ). ಆದರೆ ಈಗಾಗಲೇ ಕಟ್ಟಿಕೊಳ್ಳುತ್ತಿರುವ ಎದೆಗೆ ಹೊಗೆ ಸೇರಿದರೆ ಅದು ಇನ್ನೂ ಬಿಗಿಯುತ್ತದೆ. ಇದರಲ್ಲಿ ಅನುಮಾನವಿಲ್ಲ.

ಇದನ್ನೆಲ್ಲ ಬರೆದದ್ದು ನಿಮ್ಮನ್ನು ತಪ್ಪಿತಸ್ಥ ಅನ್ನಿಸಲಿಕ್ಕೆ ಅಲ್ಲ. ನಿಮ್ಮ ಪತ್ರ ನೋಡಿದರೆ ಆ ಭಾರವನ್ನು ನೀವು ಆಗಲೇ ಸಾಕಷ್ಟು ಹೊತ್ತಿದ್ದೀರಿ.

ನನ್ನ ಅಪ್ಪನೂ ಬೀಡಿ ಸೇದುತ್ತಿದ್ದರು. ಚಾಮರಾಜಪೇಟೆಯ ವಠಾರದಲ್ಲಿ ಎರಡೇ ಕೋಣೆಯ ಮನೆ. ತಂಗಿಗೆ ವರ್ಷದಲ್ಲಿ ಆರು ತಿಂಗಳು ಕಿವಿ ಸೋರುತ್ತಿತ್ತು, ಕಿವಿಗೆ ಹತ್ತಿ ಇಟ್ಟುಕೊಂಡೇ ಸ್ಕೂಲಿಗೆ ಹೋಗುತ್ತಿದ್ದಳು. ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದರು, ಇನ್ನೊಂದು ಕೈಯಲ್ಲಿ ಬೀಡಿ. ಎಷ್ಟು ಸಲ ಹೋಗಿದ್ದಾರೋ ಲೆಕ್ಕವಿಲ್ಲ. ಮನೆಯಲ್ಲಿ ಯಾರಾದರೂ ಸೇದುತ್ತಾರಾ ಅಂತ ಒಬ್ಬರೂ ಒಂದು ಸಲವೂ ಕೇಳಲಿಲ್ಲ. ಅವಳ ಕಿವಿ ಬೀಡಿಯಿಂದಲೇ ಸೋರುತ್ತಿತ್ತಾ ಅಂತ ಈಗ ಹೇಳಲಿಕ್ಕೆ ಆಗುವುದಿಲ್ಲ. ಆದರೆ ಆ ಮನುಷ್ಯ ಮಗಳಿಗೋಸ್ಕರ ಏನು ಬೇಕಾದರೂ ಮಾಡುತ್ತಿದ್ದರು, ಹೀಗೂ ಒಂದು ಇದೆ ಅಂತ ಯಾರಾದರೂ ಹೇಳಿದ್ದರೆ. ಈ ಮಾತು ನನ್ನನ್ನು ಇವತ್ತಿಗೂ ಕಾಡುತ್ತದೆ.

ಈಗ ನಿಮ್ಮ 41 ದಿನದ ವಿಷಯಕ್ಕೆ ಬರೋಣ. ಪತ್ರದಲ್ಲಿ ನೀವದನ್ನು ಸೋಲಿನ ಲೆಕ್ಕಕ್ಕೆ ಹಾಕಿದ್ದೀರಿ. ನನಗೆ ಹಾಗೆ ಕಾಣಲಿಲ್ಲ. ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ ಸಿಗದೆ ಹೋದಾಗ ಆಗುವ ಸಂಕಟ, ಅಂದರೆ ಸಿಡುಕು, ತಲೆನೋವು, ನಿದ್ದೆ ಬಾರದಿರುವುದು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಇವೆಲ್ಲ ಮೊದಲ ಎರಡು-ಮೂರು ದಿನ ಜೋರಾಗಿದ್ದು ಮೂರು-ನಾಲ್ಕು ವಾರಕ್ಕೆ ಬಹುಮಟ್ಟಿಗೆ ಇಳಿದುಬಿಡುತ್ತವೆ. ಅಂದರೆ ನೀವು ಬೆಟ್ಟ ಹತ್ತುವ ಹೊತ್ತಿಗೆ ನಿಮ್ಮ ಮೈಗೆ ಸಿಗರೇಟು ಬೇಕಾಗಿರಲಿಲ್ಲ. ಕಷ್ಟದ ಭಾಗವನ್ನು ನೀವು ಆಗಲೇ ದಾಟಿದ್ದಿರಿ. ಮತ್ತೆ ಹಚ್ಚಿಸಿದ್ದು ಮೈ ಅಲ್ಲ, ಬಸ್ಸು ನಿಂತ ಜಾಗ, ಕೈಗೆ ಬಂದ ಟೀ ಲೋಟ, ಇನ್ನು ವ್ರತ ಮುಗೀತಲ್ಲ ಅನ್ನುವ ಯೋಚನೆ.

ಆ 41 ದಿನ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಏನು ಅಂತ ಕೂತು ನೆನಪು ಮಾಡಿಕೊಳ್ಳಿ. ಶುರು ಮಾಡಲು ಒಂದು ದಿನ ಗೊತ್ತಾಗಿತ್ತು. ಕಪ್ಪು ಬಟ್ಟೆ, ಕೊರಳಲ್ಲಿ ಮಾಲೆ, ನೋಡಿದವರಿಗೆಲ್ಲ ಗೊತ್ತಿತ್ತು. ಆಫೀಸಿನ ಗೆಳೆಯರು 'ಬಾರೋ ದಮ್ ಹೊಡೆದು ಬರೋಣ' ಅಂತ ಕರೆಯಲಿಲ್ಲ, ಸ್ವಾಮಿ ಅಂತ ಕರೆದರು. ಬೆಳಗಿನ ಜಾವ ತಣ್ಣೀರು ಸ್ನಾನ, ಸಂಜೆ ಭಜನೆ, ಬೇಕರಿ ಮುಂದೆ ನಿಲ್ಲುತ್ತಿದ್ದ ಹೊತ್ತಿನಲ್ಲಿ ಬೇರೇನೋ ಕೆಲಸ. ಇಡೀ ಊರೇ ನಿಮಗೆ ಬೇಲಿ ಹಾಕಿ ಕಾಪಾಡಿತು. ಆ ಬೇಲಿಯನ್ನು ಈ ಸಲ ಮಗಳ ಹೆಸರಲ್ಲಿ ಹಾಕಿಕೊಳ್ಳಬೇಕು, ತೆಗೆಯುವ ದಿನ ಗೊತ್ತು ಮಾಡಬಾರದು. ಎರಡು ವಾರದೊಳಗೆ ಒಂದು ದಿನ ಹಿಡಿಯಿರಿ. ಮನೆಯಲ್ಲಿ ಹೇಳಿ, ಆಫೀಸಿನಲ್ಲಿ ಹೇಳಿ, ಬೇಕರಿಯವರಿಗೂ ಹೇಳಿ. ಒಂದೊಂದೇ ಬಿಡಿ ಸಿಗರೇಟು ಮಾರಬಾರದು ಅಂತ ನಮ್ಮ ರಾಜ್ಯದಲ್ಲಿ 2017ರಲ್ಲೇ ಆದೇಶವಾಗಿದೆ, ಆದರೂ ಸಿಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. 'ನಾನು ಕೇಳಿದರೂ ಕೊಡಬೇಡಿ' ಅಂತ ಹೇಳಿಟ್ಟರೆ ಎಷ್ಟೋ ಅಂಗಡಿಯವರು ನಿಜವಾಗಿಯೂ ಕೊಡುವುದಿಲ್ಲ. ಮೊದಲ ತಿಂಗಳು ಆ ಬೇಕರಿಯ ದಾರಿಯನ್ನೇ ಬಿಟ್ಟರೆ ಇನ್ನೂ ಒಳ್ಳೆಯದು.

ಇಷ್ಟೇ ಸಾಲದು, ಔಷಧಿಯೂ ಬೇಕು. ನಮ್ಮಲ್ಲಿ ಇದನ್ನು ಬರೀ ಮನಸ್ಸು ಗಟ್ಟಿ ಇರೋದು, ಇಲ್ಲದಿರೋದು ಅಂತ ನೋಡುತ್ತಾರೆ. ಯಾವ ಸಹಾಯವೂ ಇಲ್ಲದೆ ಬಿಡಲು ನೋಡುವ 100 ಜನರಲ್ಲಿ ವರ್ಷ ಕಳೆದ ಮೇಲೂ ಬಿಟ್ಟೇ ಇರುವವರು ಮೂರರಿಂದ ಐದು ಜನ ಅಷ್ಟೇ. ಉಳಿದವರೆಲ್ಲ ಮನಸ್ಸು ಗಟ್ಟಿ ಇಲ್ಲದವರಾ? ಜಗಿಯುವ ನಿಕೋಟಿನ್ ಗಮ್ ಅಥವಾ ಚರ್ಮಕ್ಕೆ ಅಂಟಿಸಿಕೊಳ್ಳುವ ಪ್ಯಾಚ್ ಬಳಸಿದರೆ ಗೆಲ್ಲುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟಾಗುತ್ತದೆ. 2 ಮಿಲಿಗ್ರಾಂ ಗಮ್ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೇ ಬೇಕು ಅನ್ನುವವರಾದರೆ ಚಟ ಗಟ್ಟಿ ಇದೆ ಅಂತ ಅರ್ಥ, ಆಗ ಡಾಕ್ಟರನ್ನು ಕೇಳಿ. 4 ಮಿಲಿಗ್ರಾಂ ಗಮ್, ಬುಪ್ರೋಪಿಯಾನ್, ವ್ಯಾರೆನಿಕ್ಲಿನ್ ಥರದ ಮಾತ್ರೆ ಏನಿದ್ದರೂ ಅವರೇ ಬರೆದುಕೊಡಬೇಕು.

ಗಮ್ ಬಳಸಿ 'ಇದು ಕೆಲಸ ಮಾಡಲ್ಲ' ಅಂತ ಬಿಟ್ಟವರನ್ನು ಕೇಳಿ ನೋಡಿ, ಸುಮಾರು ಜನ ಚೂಯಿಂಗ್ ಗಮ್ ಥರ ಜಗಿದಿರುತ್ತಾರೆ. ಹಾಗಲ್ಲ. ನಿಧಾನವಾಗಿ ಜಗಿಯಿರಿ, ಬಾಯಲ್ಲಿ ಖಾರದ ಹಾಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಳ್ಳಿ. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಜಗಿಯಿರಿ. ಹೀಗೆ ಅರ್ಧ ಗಂಟೆ. ಕಾಫಿ ಕುಡಿದ ಕೂಡಲೇ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಮೈಗೆ ಹತ್ತುವುದಿಲ್ಲ, ಕಾಲು ಗಂಟೆ ಬಿಡಿ. ಒಂದು ಎಚ್ಚರಿಕೆ: ಈ ಗಮ್ ಮಗುವಿನ ಕೈಗೆ ಸಿಗಲೇಬಾರದು, ಮಕ್ಕಳಿಗೆ ಅದು ವಿಷ. ಬೀರುವಿನ ಮೇಲಿನ ಖಾನೆಯಲ್ಲಿಡಿ.

ಸೇದಲೇಬೇಕು ಅನ್ನಿಸುವ ಆ ಎಳೆತ ಬಂದಾಗ ಅದು ಐದು-ಹತ್ತು ನಿಮಿಷಕ್ಕಿಂತ ಜಾಸ್ತಿ ಇರುವುದಿಲ್ಲ. ನೀರು ಕುಡಿಯಿರಿ, ಮೆಟ್ಟಿಲು ಇಳಿದು ಒಂದು ಸುತ್ತು ನಡೆದು ಬನ್ನಿ, ಯಾರಿಗಾದರೂ ಫೋನ್ ಮಾಡಿ. ಬೆಳಿಗ್ಗೆ ಸಿಗರೇಟಿಲ್ಲದೆ ಹೊಟ್ಟೆ ಕ್ಲಿಯರ್ ಆಗಲ್ಲ ಅನ್ನುವುದು ಸುಳ್ಳಲ್ಲ, ಬಿಟ್ಟ ಮೊದಲ ದಿನಗಳಲ್ಲಿ ಮಲಬದ್ಧತೆ ಆಗುತ್ತದೆ. ಬಿಸಿನೀರು, ಪರಂಗಿ ಹಣ್ಣು, ಸೊಪ್ಪು, ವಾಕಿಂಗ್, ಸ್ವಲ್ಪ ದಿನಕ್ಕೆ ಸರಿಹೋಗುತ್ತದೆ. ಸಿಗರೇಟು ಬಿಟ್ಟು ಗುಟ್ಕಾಗೆ ಮಾತ್ರ ಹೋಗಬೇಡಿ. ಇ-ಸಿಗರೇಟೂ ಬೇಡ, 2019ರಿಂದ ದೇಶದಲ್ಲೇ ನಿಷೇಧ ಇದೆ.

ಒಬ್ಬರೇ ಆಗುತ್ತಿಲ್ಲ ಅನ್ನಿಸಿದರೆ 1800-11-2356ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ. ನಿಮ್ಮ ಜೇಬಿನಲ್ಲಿರುವ ಪ್ಯಾಕಿನ ಮೇಲೇ ಆ ನಂಬರು ಇದೆ, ನೋಡಿ. ಅದು ದೇಶಕ್ಕೆಲ್ಲ ಇರುವ ತಂಬಾಕು ಕ್ವಿಟ್‌ಲೈನ್, ಅಂದರೆ ಬಿಡಲು ಫೋನಿನಲ್ಲೇ ನೆರವಾಗುವ ಸೇವೆ. ನಮ್ಮ ನಿಮ್ಹಾನ್ಸ್‌ನಲ್ಲೇ ಅದರ ಒಂದು ಕೇಂದ್ರವಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬಿಡುವ ದಿನ ಗೊತ್ತು ಮಾಡಿಸಿ, ಆಮೇಲೆ ಅವರೇ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳುತ್ತಾರೆ. ಮುಖಾಮುಖಿ ಮಾತಾಡಬೇಕು ಅಂದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೂ ಕಿದ್ವಾಯಿಯಲ್ಲೂ ತಂಬಾಕು ಬಿಡಿಸುವ ಕ್ಲಿನಿಕ್ ಇದೆ. ಮಾನಸಿಕ ಆಸ್ಪತ್ರೆಗೆ, ಕ್ಯಾನ್ಸರ್ ಆಸ್ಪತ್ರೆಗೆ ಯಾಕೆ ಹೋಗಲಿ ಅಂತ ಹಿಂಜರಿಯಬೇಡಿ. 2016-17ರ ದೇಶದ ಸಮೀಕ್ಷೆಯಲ್ಲಿ ಸೇದುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಿಡಬೇಕು ಅಂತಲೇ ಹೇಳಿದ್ದಾರೆ. ನಿಮ್ಮ ಹಾಗೇ ಇರುವವರು ಲಕ್ಷಗಟ್ಟಲೆ ಇದ್ದಾರೆ.

ಅಪ್ಪನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಬಹಳ ತಟ್ಟಿದ್ದು ಇದೇ. ಬೀಡಿ ಸಣ್ಣದು, ಎಲೆಯದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತ ಆ ತಲೆಮಾರಿನವರು ನಂಬಿದ್ದಾರೆ. ಬೀಡಿ ಆರದ ಹಾಗೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕು, ಅದರಲ್ಲಿ ಟಾರ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಕಡಿಮೆಯೇನೂ ಇಲ್ಲ. ಆದರೆ ಈ ಲೆಕ್ಕವನ್ನೆಲ್ಲ ಅವರ ಮುಂದೆ ಇಡಬೇಡಿ. ಸೊಸೆಯ ಕೈಯಲ್ಲೂ ಹೇಳಿಸಬೇಡಿ, ಅದು ಇನ್ನೊಂದು ಜಗಳಕ್ಕೆ ದಾರಿ. ನೀವೇ ಹೋಗಿ ಪಕ್ಕದಲ್ಲಿ ಕೂತು ನಿಜ ಹೇಳಿ: 'ಅಪ್ಪಾ, ನಾನೂ ಸೇದ್ತಾ ಇದ್ದೆ. ಮಗೂಗೋಸ್ಕರ ಬಿಡ್ತಾ ಇದೀನಿ. ನಿಮ್ಮ ಬೀಡಿ ವಾಸನೆ ಬಂದರೆ ನನಗೆ ತಡೆಯೋಕಾಗಲ್ಲ. ಸ್ವಲ್ಪ ಸಹಾಯ ಮಾಡಿ.' ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೇಳುವುದು ಸುಲಭ ಅಲ್ಲ, ಗೊತ್ತು. ಬುದ್ಧಿ ಹೇಳಲು ಬಂದ ಮಗನಿಗೆ ಅವರು ಬೈಯಬಹುದು. ಸಹಾಯ ಕೇಳಿಕೊಂಡು ಬಂದ ಮಗನನ್ನು ಬೈಯುವ ಅಪ್ಪಂದಿರು ಕಡಿಮೆ. ಪೂರ್ತಿ ಬಿಡಲು ಅವರಿಗೆ ಸಮಯ ಬೇಕಾಗಬಹುದು, ಕೊಡಿ. ಆದರೆ ಮನೆಯೊಳಗೆ ಯಾರೂ ಹಚ್ಚುವುದಿಲ್ಲ, ಬಾಲ್ಕನಿಯಲ್ಲೂ ಇಲ್ಲ, ಯುಟಿಲಿಟಿಯಲ್ಲೂ ಇಲ್ಲ, ಬಂದ ನೆಂಟರೂ ಇಲ್ಲ ಅನ್ನುವುದು ಇವತ್ತಿಂದಲೇ ಆಗಲಿ. ಅವರು ಕೂರುವ ಕುರ್ಚಿಯನ್ನು ಗೇಟಿನ ಹೊರಗೆ ಹಾಕಿಕೊಡಿ.

ಕೊನೆಗೆ, ಬರೋ ಶನಿವಾರದ ವಿಷಯ. ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಜೊನಾಥನ್ ವಿನಿಕಾಫ್ ಅನ್ನುವ ಮಕ್ಕಳ ಡಾಕ್ಟರು ಮತ್ತು ಅವರ ಜೊತೆಗಾರರು ಒಂದು ಕ್ರಮ ಶುರು ಮಾಡಿದರು. ಮಗುವನ್ನು ತೋರಿಸಲು ಬಂದ ಅಪ್ಪ-ಅಮ್ಮನನ್ನು ಸೇದುತ್ತೀರಾ ಅಂತ ಕೇಳುವುದು, ಹೌದು ಅಂದರೆ ಬಿಡುವ ಔಷಧಿಯನ್ನು ಅಲ್ಲೇ ಬರೆದುಕೊಡುವುದು, ಕ್ವಿಟ್‌ಲೈನಿಗೆ ಅಲ್ಲಿಂದಲೇ ಹೆಸರು ಕೊಡುವುದು. ಯಾಕೆಂದರೆ ಸೇದುವ ವಯಸ್ಸಿನ ಎಷ್ಟೋ ಅಪ್ಪಂದಿರು ತಮಗೋಸ್ಕರ ಡಾಕ್ಟರ ಹತ್ತಿರ ಹೋಗುವುದು ಕಡಿಮೆ, ಮಗುವಿಗೋಸ್ಕರ ಹೋಗುತ್ತಾರೆ. ನಮ್ಮಲ್ಲಿ ಮಕ್ಕಳ ಡಾಕ್ಟರು ಕೇಳಬಹುದು, ಕೇಳದೆಯೂ ಇರಬಹುದು. ಹೊರಗೆ ಐವತ್ತು ಜನ ಟೋಕನ್ ಹಿಡಿದು ಕೂತಿರುತ್ತಾರೆ. ಅದಕ್ಕೇ ಅವರು ಕೇಳುವವರೆಗೆ ನೀವು ಕಾಯಬೇಡಿ.

ಅವತ್ತು ಹೊರಗೆ ನಿಲ್ಲಬೇಡಿ. ಮಗಳನ್ನು ನೀವೇ ಎತ್ತಿಕೊಂಡು ಒಳಗೆ ಹೋಗಿ. ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ ಮುಗಿಸಿದ ಮೇಲೆ, 'ಡಾಕ್ಟ್ರೇ, ನಾನು ದಿನಕ್ಕೆ ಹತ್ತು ಸಿಗರೇಟು ಸೇದ್ತೀನಿ, ಬಿಡಬೇಕು, ಯಾರ ಹತ್ತಿರ ಹೋಗಲಿ?' ಅಂತ ಕೇಳಿ. ಏನು ಹೇಳಿದರು ಅಂತ ನನಗೆ ಬರೆಯಿರಿ.

– ಸಂ.