ಎಷ್ಟು ತಿನ್ನಬೇಕು ಅನ್ನೋದನ್ನ ಮಗುವಿಗೇ ಬಿಡಿ

ಹಾಸನದ ಓದುಗರೊಬ್ಬರ ಪತ್ರ: "ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎರಡೂವರೆ. ರಾತ್ರಿ ಮನೆಯವರೆಲ್ಲ ಮುದ್ದೆ, ಸೊಪ್ಪಿನ ಸಾರು ಉಂಡರೆ ಇವರಿಬ್ಬರಿಗೆ ಮೊಸರನ್ನ ಬಿಟ್ಟು ಏನೂ ಬೇಡ. ನಾಲ್ಕಕ್ಕೆ ಹಾಲು-ಬಿಸ್ಕತ್ತು, ಏಳಕ್ಕೆ ಇನ್ನೊಂದು ಲೋಟ ಹಾಲು. ಒಂಬತ್ತಕ್ಕೆ ಊಟಕ್ಕೆ ಕರೆದರೆ ಓಡುತ್ತಾರೆ. ಅತ್ತೆ ಮೊಬೈಲ್ ತೋರಿಸುತ್ತಾ ಹಿಂದೆ ಹಿಂದೆ ಹೋಗಿ ತಿನ್ನಿಸುತ್ತಾರೆ. ಬೇಡ ಅಂದರೆ ಮನಸ್ತಾಪ. ತಿನ್ನದಿದ್ದ ದಿನ ರಾತ್ರಿ ಹತ್ತಕ್ಕೆ ದೋಸೆ ಹುಯ್ದು ಕೊಡುತ್ತೇನೆ. ಇದು ಸರಿಯಾ?"

ನಿಮ್ಮ ಅಡುಗೆಯಲ್ಲಿ ಏನೂ ತಪ್ಪಿಲ್ಲ. ಮಕ್ಕಳದ್ದೂ ಬರೀ ಹಟ ಅಲ್ಲ. ಹುಟ್ಟಿದಾಗ ಇದ್ದ ತೂಕ ಒಂದು ವರ್ಷ ತುಂಬುವಷ್ಟರಲ್ಲಿ ಮೂರು ಪಟ್ಟಾಗುತ್ತದೆ. ಎರಡು ವರ್ಷ ದಾಟಿದ ಮೇಲೆ ವರ್ಷಕ್ಕೆ ಸುಮಾರು 2 ಕಿಲೋ ಏರಿದರೆ ಅದೇ ಲೆಕ್ಕ. ಬೆಳೆಯೋದು ನಿಧಾನವಾದಾಗ ಹಸಿವೂ ಇಳಿಯುತ್ತದೆ. ಗೊತ್ತಿಲ್ಲದ ತಿನಿಸನ್ನು ಅನುಮಾನದಿಂದ ನೋಡೋದೂ ಇದೇ ವಯಸ್ಸಿನಲ್ಲಿ ಜಾಸ್ತಿ. ಸಿಹಿ ನಾಲಿಗೆಗೆ ಹುಟ್ಟುತ್ತಲೇ ಇಷ್ಟ. ಸೊಪ್ಪಿನ ಒಗರು, ಕಹಿ ರೂಢಿಯಿಂದಲೇ ಬರಬೇಕು.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಏಳು ಗಂಟೆಯ ಆ ಹಾಲು. ಎರಡೂವರೆ ವರ್ಷದ ಹೊಟ್ಟೆಗೆ ಒಂದು ಲೋಟ ಹಾಲು ಅಂದರೆ ಅರ್ಧ ಊಟ. ಅದಾದ ಎರಡು ಗಂಟೆಗೆ ಮುದ್ದೆ ಮುಂದಿಟ್ಟರೆ ಯಾವ ಮಗು ತಿಂದೀತು? ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆಯಾದ ಮಗುವಿಗೆ ಹಸಿವೂ ಕಡಿಮೆ, ಹಸಿವಿಲ್ಲ ಅಂತ ನಾವು ಮತ್ತೆ ಹಾಲೇ ಕೊಡುತ್ತೇವೆ. ದಿನಕ್ಕೆ ಎಲ್ಲ ಸೇರಿ ಅರ್ಧ ಲೀಟರ್ ದಾಟದಂತೆ ನೋಡಿಕೊಳ್ಳಿ. ನಾಲ್ಕು ಗಂಟೆಗೆ ಬಿಸ್ಕತ್ತಿನ ಬದಲು ಬಾಳೆಹಣ್ಣೋ, ಬೇಯಿಸಿದ ಕಡಲೆಯನ್ನು ಹಿಸುಕಿಯೋ ಕೊಡಿ. ಆಮೇಲೆ ಊಟದವರೆಗೆ ನೀರು ಮಾತ್ರ. ಊಟವನ್ನೂ ಏಳೂವರೆಗೆ ತನ್ನಿ. ಒಂಬತ್ತಕ್ಕೆ ಆ ಮಕ್ಕಳಿಗೆ ಹಸಿವಿಗಿಂತ ನಿದ್ದೆಯೇ ಜಾಸ್ತಿ.

ಇನ್ನು ಒತ್ತಾಯದ ವಿಷಯ. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಕೆಲಸ ಹಂಚಿಕೊಟ್ಟಿದ್ದಾರೆ. ಏನು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ತೀರ್ಮಾನ. ತಿನ್ನೋದಾ ಬೇಡವಾ, ಎಷ್ಟು ಅನ್ನೋದು ಮಗುವಿನದು. ನಮ್ಮ ಮನೆಗಳಲ್ಲಿ ಇದು ತಿರುಗಾಮುರುಗಾ ಆಗಿದೆ. ಏನು ಬೇಕು ಅಂತ ಮಗುವನ್ನು ಕೇಳುತ್ತೇವೆ, ಎಷ್ಟು ಅನ್ನೋದನ್ನ ನಾವು ಹಿಡಿದು ತುರುಕುತ್ತೇವೆ. ಅಮೆರಿಕದ ಸಂಶೋಧಕಿಯರಾದ ಏಮಿ ಗ್ಯಾಲೋವೇ, ಲಿಯಾನ್ ಬರ್ಚ್ ಮತ್ತು ಜೊತೆಗಾರರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟರು. ಒಂದನ್ನು "ಮುಗಿಸು, ಮುಗಿಸು" ಅಂತ ಹೇಳುತ್ತಾ, ಇನ್ನೊಂದನ್ನು ಸುಮ್ನೆ ಮುಂದಿಟ್ಟು. ಮಕ್ಕಳು ಜಾಸ್ತಿ ತಿಂದಿದ್ದು ಸುಮ್ನೆ ಇಟ್ಟದ್ದನ್ನ. "ಇದೊಂದೇ ತುತ್ತು, ಅಜ್ಜಿಗೋಸ್ಕರ" ಅನ್ನೋದೂ ಒತ್ತಾಯವೇ. "ಪಲ್ಯ ತಿಂದರೆ ಚಾಕಲೇಟ್" ಅನ್ನೋದು ಇನ್ನೂ ಕೆಟ್ಟದ್ದು, ಪಲ್ಯ ಅಂದರೆ ಶಿಕ್ಷೆ ಅಂತ ಮಗು ಕಲಿಯುತ್ತದೆ.

ಹಾಗಾದರೆ ದಿನಾ ಮೊಸರನ್ನವೇ? ಅಲ್ಲ. ಎಲ್ಲರಿಗೂ ಒಂದೇ ಅಡುಗೆ, ಆದರೆ ಅದರಲ್ಲಿ ಮಕ್ಕಳು ಒಪ್ಪುವ ಒಂದು ಪದಾರ್ಥ ಇರಲಿ. ಬಸ್ಸಾರು ಮಾಡುವ ದಿನ ಬೇಳೆ, ಸೊಪ್ಪು ಬೆಂದು ಕಟ್ಟು ಬಸಿದ ಕೂಡಲೇ, ಖಾರ ಬೀಳುವ ಮೊದಲು, ಎರಡು ಸೌಟು ತೆಗೆದಿಡಿ. ಚೂರು ಉಪ್ಪು, ತುಪ್ಪ, ನಾಲ್ಕು ಹನಿ ನಿಂಬೆರಸ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ತಟ್ಟೆಯಲ್ಲಿ ನೆಲ್ಲಿಕಾಯಿ ಗಾತ್ರದ ಮುದ್ದೆ, ಒಂದು ಚಮಚ ಬೇಳೆ-ಸೊಪ್ಪು, ಪಕ್ಕದಲ್ಲಿ ಸ್ವಲ್ಪ ಮೊಸರನ್ನ. ಅಷ್ಟೇ ಬಡಿಸಿ. ಬೇಕಾದರೆ ಕೇಳಿ ಹಾಕಿಸಿಕೊಳ್ಳಲಿ. ಮೊದಲ ವಾರ ಸೊಪ್ಪು ತಟ್ಟೆಯಲ್ಲೇ ಉಳಿಯುತ್ತದೆ. ಮಗ ಬೆರಳಲ್ಲಿ ಹಿಸುಕಬಹುದು, ಬಾಯಿಗಿಟ್ಟು ಉಗಿಯಬಹುದು. ಅದೂ ಕಲಿಕೆಯೇ, ಗದರಬೇಡಿ. ಒಂದು ರುಚಿ ಒಗ್ಗೋಕೆ ಎಂಟು-ಹತ್ತು ಸಲ, ಕೆಲವು ಮಕ್ಕಳಿಗೆ ಹದಿನೈದು ಸಲ ಬೇಕಾಗುತ್ತದೆ. ಎರಡನೇ ಸಲಕ್ಕೇ "ಇವಳಿಗೆ ಸೊಪ್ಪು ಆಗಲ್ಲ" ಅಂತ ತೀರ್ಮಾನಿಸಿಬಿಡುವ ಮನೆಗಳೇ ಜಾಸ್ತಿ. ಆ ಮಾತನ್ನು ಮಗುವಿನ ಎದುರು ಆಡಲೇಬೇಡಿ.

ಮನೆಯಲ್ಲಿ ಮುಟ್ಟದ ಹುಳಿಯನ್ನು ಅದೇ ಮಗು ಅಂಗನವಾಡಿಯಲ್ಲಿ ಸಾಲಿನಲ್ಲಿ ಕೂತು ತಿನ್ನೋದು ನೋಡಿದ್ದೀರಲ್ವಾ? ಪಕ್ಕದವರು ತಿನ್ನುತ್ತಿದ್ದಾರೆ, ತುತ್ತು ಹಿಡಿದು ಹಿಂದೆ ಬರುವವರು ಯಾರೂ ಇಲ್ಲ. ಮನೆಯಲ್ಲೂ ಹಾಗೇ ಎಲ್ಲರೂ ಒಟ್ಟಿಗೆ ಕೂತುಕೊಳ್ಳಿ. ಟಿವಿ, ಮೊಬೈಲ್ ಎರಡೂ ಬೇಡ. ಇಪ್ಪತ್ತು ನಿಮಿಷ, ಅರ್ಧ ಗಂಟೆ ಆದ ಮೇಲೆ ತಟ್ಟೆ ಎತ್ತಿ.

ಅತ್ತೆಯವರ ಮಾತಿಗೆ ಬರುತ್ತೇನೆ. ಅವರಿಗೆ ಬುದ್ಧಿ ಹೇಳಲು ಹೋಗಬೇಡಿ. ಮಗು ಸೊರಗುತ್ತದೆ ಅನ್ನೋ ಅವರ ಭಯ ನಿಜವಾದದ್ದು. ತಾಯಿ ಕಾರ್ಡ್‌ನಲ್ಲಿರುವ ತೂಕದ ಗೆರೆಯನ್ನು ಅವರಿಗೆ ತೋರಿಸಿ. ಗೆರೆ ಏರುತ್ತಾ ಹೋಗುತ್ತಿದ್ದರೆ "ನೋಡಿ ಅತ್ತೆ, ಸರಿಯಾಗಿದ್ದಾನೆ" ಅನ್ನಿ. ಮೊಮ್ಮಕ್ಕಳ ಎದುರು ಕೂತು ಚಪ್ಪರಿಸಿ ಉಣ್ಣುವ ಕೆಲಸ ಅವರದಾಗಲಿ. ಮೊಬೈಲ್ ತೋರಿಸೋದಕ್ಕಿಂತ ಅದು ನೂರು ಪಾಲು ಮೇಲು.

ಗೆರೆ ಮಟ್ಟವಾಗಿದ್ದರೆ ಅಥವಾ ಇಳಿದಿದ್ದರೆ, ಮಗು ಮಣ್ಣು, ಸುಣ್ಣ ತಿನ್ನುತ್ತಿದ್ದರೆ, ನುಂಗುವಾಗ ಕೆಮ್ಮಿ ಉಸಿರುಕಟ್ಟಿದಂತಾದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಜಂತುಹುಳುವಿನ ಔಷಧಿ ಕೊಟ್ಟಾಗಿದೆಯಾ ಅಂತಲೂ ಅಂಗನವಾಡಿಯಲ್ಲಿ ವಿಚಾರಿಸಿ.

ಹತ್ತು ಗಂಟೆಯ ದೋಸೆ ನಿಲ್ಲಿಸಿ. ಊಟದಲ್ಲೇ ಮೊಸರನ್ನ ಇದೆಯಲ್ಲ, ಯಾರೂ ಉಪವಾಸ ಮಲಗುವುದಿಲ್ಲ. ಮಲಗುವ ಮುಂಚೆ ಇಬ್ಬರಿಗೂ ಪುಟ್ಟ ಲೋಟದಲ್ಲಿ ಹಾಲು ಕೊಡಿ. ಉಂಡವರಿಗೂ ಅಷ್ಟೇ, ಉಣ್ಣದವರಿಗೂ ಅಷ್ಟೇ. ಮೊದಲ ಮೂರ್ನಾಲ್ಕು ರಾತ್ರಿ ಮಗಳು ದೋಸೆಗೆ ಅಳಬಹುದು. "ಬೆಳಗ್ಗೆ ತಿಂಡಿಗೆ ದೋಸೆ ಹುಯ್ತೀನಿ ಪುಟ್ಟಿ" ಅನ್ನಿ. ಬೆಳಗ್ಗೆ ಹುಯ್ಯಲೂಬೇಕು.