"ಅಲ್ಲಿಗೆ ಯಾರು ಹೋಗಿ ಅಳೆದರು, ಮೇಡಂ?"

ನಮಸ್ಕಾರ.

'ನಕ್ಷತ್ರಗಳ ನಡುವಿನ ರಸಾಯನ' ಎಂಬ ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಉತ್ತರಕ್ಕೆ ಕಾದು ಕೂತವರನ್ನು ಸುತ್ತಿಬಳಸಿ ಕಾಡಿಸಬಾರದು, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಆದರೆ ಸುಮ್ನೆ ವಾಪಸ್ ಕಳಿಸಿ ಕೈತೊಳೆದುಕೊಳ್ಳುವಂಥ ಬರಹವೂ ಇದಲ್ಲ. ಹಾಗಾಗಿ ಇಷ್ಟುದ್ದದ ಪತ್ರ.

ನಿಮ್ಮ ಆರನೇ ಪುಟದಲ್ಲಿ ಒಂದು ಪ್ರಸಂಗ ಇದೆ. ಪಿಯು ತರಗತಿಯಲ್ಲಿ ನೀವು ಬಾಹ್ಯಾಕಾಶದ ಅಣುಗಳ ಬಗ್ಗೆ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಅಲ್ಲಿಗೆ ಯಾರು ಹೋಗಿ ಅಳೆದರು, ಮೇಡಂ?" ಎಂದು ಕೇಳಿದಳು. ನೀವು "ಮಕ್ಕಳ ಕುತೂಹಲಕ್ಕೆ ಕೊನೆಯಿಲ್ಲ" ಎಂದು ಬರೆದು ಮುಂದಿನ ವಿಷಯಕ್ಕೆ ಹೋಗಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಅವಳಿಗೆ ಏನು ಉತ್ತರ ಕೊಟ್ಟಿರಿ? ಹನ್ನೊಂದು ಪುಟ ಹುಡುಕಿದೆ, ಸಿಗಲಿಲ್ಲ. "ವಿಜ್ಞಾನಿಗಳು ಕಂಡುಹಿಡಿದಿದ್ದಾರೆ" ಎಂಬ ಮಾತು ಮಾತ್ರ ಒಂಬತ್ತು ಸಲ ಸಿಕ್ಕಿತು. ಯಾರು, ಯಾವ ಊರಲ್ಲಿ, ಯಾವ ವರ್ಷ, ಏನಿಟ್ಟುಕೊಂಡು ಕಂಡುಹಿಡಿದರು ಎಂಬುದು ಒಂದು ಸಲವೂ ಇಲ್ಲ. ಲೇಖನ ಶುರುವಾಗಬೇಕಾದ್ದು ಆ ಹುಡುಗಿಯ ಪ್ರಶ್ನೆಯಿಂದ. ಮುಗಿಯುವ ತನಕ ಅದನ್ನು ಬಿಡಬಾರದು.

ಮೊದಲು ಎರಡು ತಪ್ಪು ತೋರಿಸುತ್ತೇನೆ. ಎರಡನೇ ಪುಟದಲ್ಲಿ "ಅತಿ ಶೀತದ ಕಾರಣ ಅಲ್ಲಿನ ಕ್ರಿಯೆಗಳು ಮಂದಗತಿಯಲ್ಲಿ ಸಾಗುತ್ತವೆ" ಎಂದಿದ್ದೀರಿ. ಇದನ್ನು ನಿಮ್ಮ ವಿದ್ಯಾರ್ಥಿ ಬರೆದಿದ್ದರೆ ನೀವೇ ಕೆಂಪು ಪೆನ್ನಲ್ಲಿ ಗುರುತು ಹಾಕುತ್ತಿದ್ದಿರಿ. ಎರಡು ಮಾಮೂಲಿ ಅಣುಗಳು ಕೂಡಬೇಕಾದರೆ ಒಂದು ದಿಬ್ಬ ಹತ್ತಬೇಕು, ಚಳಿಯಲ್ಲಿ ಹತ್ತುವ ಶಕ್ತಿ ಇರುವುದಿಲ್ಲ, ಸರಿ. ಆದರೆ ಅಯಾನಿನ ಕಥೆ ಬೇರೆ. ಅದರ ಮೇಲಿರುವ ವಿದ್ಯುದಂಶ ಪಕ್ಕದ ಅಣುವಿನ ಎಲೆಕ್ಟ್ರಾನುಗಳನ್ನು ಸ್ವಲ್ಪ ಸರಿಸಿ, ಅದನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ದಿಬ್ಬ ಇಲ್ಲ, ಬರೀ ಇಳಿಜಾರು. ಇದರ ಲೆಕ್ಕವನ್ನು ಪಾಲ್ ಲಾಂಜವಾನ್ 1905ರಲ್ಲೇ ಕೊಟ್ಟಿದ್ದಾರೆ. ಆ ಲೆಕ್ಕದ ಪ್ರಕಾರ ಕೋಣೆಯ ಬಿಸಿಯಾದ 300 ಕೆಲ್ವಿನ್‌ನಲ್ಲಿ ಎಷ್ಟು ಚುರುಕೋ, ಮೈನಸ್ 263 ಡಿಗ್ರಿ ಸೆಲ್ಸಿಯಸ್, ಅಂದರೆ 10 ಕೆಲ್ವಿನ್‌ನಲ್ಲೂ ಅಷ್ಟೇ ಚುರುಕು. ನಕ್ಷತ್ರಗಳ ನಡುವಿನ ಅನಿಲ-ಧೂಳಿನ ಕತ್ತಲ ಮೋಡಗಳಲ್ಲಿ ರಸಾಯನ ನಡೆಯುವುದಕ್ಕೆ ಮುಖ್ಯ ಕಾರಣವೇ ಇದು. 1973ರಲ್ಲಿ ಎರಿಕ್ ಹರ್ಬ್ಸ್ಟ್ ಮತ್ತು ವಿಲಿಯಂ ಕ್ಲೆಂಪರರ್ ಇದೇ ಆಧಾರದ ಮೇಲೆ ಮೋಡದ ರಸಾಯನದ ಮಾದರಿ ಕಟ್ಟಿದರು.

ಹಾಗಾದರೆ ಅಲ್ಲಿ ಎಲ್ಲವೂ ಯಾಕೆ ನಿಧಾನ? ಒಬ್ಬರಿಗೊಬ್ಬರು ಸಿಗುವುದೇ ಅಪರೂಪ, ಅದಕ್ಕೆ. ದಟ್ಟ ಎನ್ನುವ ಮೋಡದಲ್ಲೂ ಒಂದು ಘನ ಸೆಂಟಿಮೀಟರಿಗೆ ಸುಮಾರು 10,000 ಹೈಡ್ರೋಜನ್ ಅಣು. ಅಯಾನು-ಅಣು ಕ್ರಿಯೆ ಎಷ್ಟು ಚುರುಕು ಎಂದು ಹೇಳುವ ಅಂಕಿ, ಅಂದರೆ ಅದರ ರೇಟ್ ಕಾನ್‌ಸ್ಟಂಟ್, ಅದೇ ಘನ ಸೆಂಟಿಮೀಟರ್ ಮತ್ತು ಸೆಕೆಂಡಿನ ಅಳತೆಯಲ್ಲಿ, ನೂರು ಕೋಟಿಯಲ್ಲಿ ಒಂದರ ಆಸುಪಾಸು. ಎರಡನ್ನೂ ಗುಣಿಸಿ ನೋಡಿ. ಒಂದು ಅಯಾನಿಗೆ ಒಂದು ಹೈಡ್ರೋಜನ್ ಅಣು ಸಿಗಲು ಸುಮಾರು ಒಂದು ಲಕ್ಷ ಸೆಕೆಂಡು, ಅಂದರೆ ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ. ಈ ಲೆಕ್ಕವನ್ನು ಓದುಗರ ಮುಂದೆಯೇ ಮಾಡಿ. "ಊಹಾತೀತ ವಿರಳತೆ" ಎಂದು ನೀವು ಬರೆದದ್ದು ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ. ದಿನಕ್ಕೊಂದು ಭೇಟಿ ಅಂದರೆ ನಿಲ್ಲುತ್ತದೆ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. "ಪ್ರಯೋಗಾಲಯದಲ್ಲಿ ಬಾಹ್ಯಾಕಾಶದ ಸ್ಥಿತಿಯನ್ನೇ ಮರುಸೃಷ್ಟಿಸಿದರು." ಇಲ್ಲ, ಹಾಗೆ ಮಾಡಲಿಲ್ಲ. ದಿನಕ್ಕೊಂದು ಕ್ರಿಯೆ ನಡೆದರೆ ಯಾರು ಕೂತು ಎಣಿಸುತ್ತಾರೆ? ಅವರು ಮಾಡಿದ್ದು ತುಂಬಾ ಜಾಣತನದ ಕೆಲಸ. ಅದನ್ನು ಬಿಡಿಸಿ ಹೇಳಬೇಕು.

ಅಮೆರಿಕದ ಬೌಲ್ಡರ್‌ನಲ್ಲಿ 1960ರ ದಶಕದಲ್ಲಿ ಫರ್ಗುಸನ್, ಫೆಸೆನ್‌ಫೆಲ್ಡ್, ಶ್ಮೆಲ್ಟೆಕಾಫ್ ಎಂಬ ಮೂವರು ಹರಿವಿನ ಕೊಳವೆಯ ವಿಧಾನ ಕಟ್ಟಿದರು. ಆಗ ಅವರ ಕಣ್ಣಿದ್ದದ್ದು ಭೂಮಿಯ ಮೇಲ್ಪದರದ ಗಾಳಿಯ ಮೇಲೆ. 1976ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನೈಜಲ್ ಆಡಮ್ಸ್ ಮತ್ತು ಡೇವಿಡ್ ಸ್ಮಿತ್ ಅದನ್ನು ಇನ್ನೂ ಹದ ಮಾಡಿದರು. ಸುಮಾರು ಒಂದು ಮೀಟರ್ ಉದ್ದದ ಲೋಹದ ಕೊಳವೆ. ಒಂದು ತುದಿಯಿಂದ ಹೀಲಿಯಂ ಬಿಡುತ್ತಾರೆ, ಇನ್ನೊಂದು ತುದಿಯಲ್ಲಿ ದೊಡ್ಡ ಪಂಪ್ ಅದನ್ನು ಎಳೆಯುತ್ತದೆ. ಹೀಲಿಯಂ ಸೆಕೆಂಡಿಗೆ ಹತ್ತಿರ ಹತ್ತಿರ ನೂರು ಮೀಟರ್ ವೇಗದಲ್ಲಿ ಓಡುತ್ತದೆ. ನಮಗೆ ಬೇಕಾದ ತೂಕದ ಅಯಾನನ್ನು ಮಾತ್ರ ಸೋಸಿ ಆ ಹರಿವಿಗೆ ಸೇರಿಸುತ್ತಾರೆ. ದಾರಿಯಲ್ಲಿ ಅದು ಹೀಲಿಯಂಗೆ ಸಾವಿರಾರು ಸಲ ಡಿಕ್ಕಿ ಹೊಡೆದು ಕೊಳವೆಯ ಬಿಸಿಗೆ ಹೊಂದಿಕೊಳ್ಳುತ್ತದೆ. ಆಮೇಲೆ ಪಕ್ಕದ ಸಣ್ಣ ನಳಿಗೆಯಿಂದ ಎರಡನೇ ಅನಿಲ ಬಿಡುತ್ತಾರೆ. ಕೊನೆಯಲ್ಲಿ ಎಷ್ಟು ಅಯಾನು ಉಳಿದವು, ಹೊಸದಾಗಿ ಯಾವುವು ಹುಟ್ಟಿದವು ಎಂದು ಎಣಿಸುತ್ತಾರೆ. ಅನಿಲ ಹೆಚ್ಚಿಸಿದಂತೆ ಮೂಲ ಅಯಾನು ಕಡಿಮೆಯಾಗುತ್ತದೆ. ಲಾಗ್ ಹಾಕಿ ಗ್ರಾಫ್ ಎಳೆದರೆ ನೇರ ಗೆರೆ, ಅದರ ಇಳಿಜಾರಿನಿಂದ ರೇಟ್ ಕಾನ್‌ಸ್ಟಂಟ್. ಇಡೀ ಪ್ರಯಾಣಕ್ಕೆ ಒಂದು ಸೆಕೆಂಡಿನ ನೂರನೇ ಒಂದು ಭಾಗ.

ಕೊಳವೆಯೊಳಗಿನ ಒತ್ತಡ ಸುಮಾರು ಅರ್ಧ ಟಾರ್ (ನಮ್ಮ ಸುತ್ತಲಿನ ಗಾಳಿಯದು 760 ಟಾರ್). ಅಂದರೆ ಮೋಡಕ್ಕಿಂತ ಲಕ್ಷ ಕೋಟಿ ಪಟ್ಟಿಗೂ ಜಾಸ್ತಿ ದಟ್ಟ! ಆದರೂ ಆ ಅಂಕಿ ಮೋಡಕ್ಕೆ ಸಲ್ಲುತ್ತದೆ. ಇಬ್ಬರೇ ಕೂಡುವ ಕ್ರಿಯೆಯ ರೇಟ್ ಕಾನ್‌ಸ್ಟಂಟ್‌ಗೆ ಸುತ್ತ ಎಷ್ಟು ಜನ ಇದ್ದಾರೆ ಎಂಬುದು ಮುಖ್ಯವಲ್ಲ, ಅಲ್ವಾ? ಆ ಹುಡುಗಿಗೆ ಉತ್ತರ ಇದು: ಅಲ್ಲಿಗೆ ಯಾರೂ ಹೋಗಲಿಲ್ಲ, ಅಲ್ಲಿ ಲಕ್ಷ ಸೆಕೆಂಡು ಹಿಡಿಯುವ ಭೇಟಿಯನ್ನು ಇಲ್ಲಿ ಕೊಳವೆಯೊಳಗೆ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಸಿ, ಲೆಕ್ಕ ಹಿಡಿದರು.

ಈಗ ನಿಮ್ಮಿಂದಲೇ ಬರಬೇಕಾದ ಭಾಗ. ಎರಡನೇ ಅನಿಲ ಕಾರ್ಬನ್ ಮಾನಾಕ್ಸೈಡ್ ಆದರೆ ಸಿಲಿಂಡರ್ ತಿರುಗಿಸಿ ಬಿಟ್ಟರಾಯಿತು, ಮೀಟರ್ ಎಷ್ಟು ಹೋಯಿತೆಂದು ಹೇಳುತ್ತದೆ. ಆದರೆ ಮೋಡದ ರಸಾಯನದಲ್ಲಿ ಬಿಡಿ ಪರಮಾಣುಗಳೂ ಮುಖ್ಯ: ಹೈಡ್ರೋಜನ್, ಸಾರಜನಕ, ಆಮ್ಲಜನಕ. ಬಿಡಿ ಪರಮಾಣು ಯಾವ ಸಿಲಿಂಡರಿನಲ್ಲೂ ಸಿಗುವುದಿಲ್ಲ. ಆಗಿಂದಾಗ ತಯಾರಿಸಬೇಕು, ಗೋಡೆಗೆ ತಾಗಿ ಮತ್ತೆ ಜೋಡಿಯಾಗುವ ಮೊದಲೇ ಬಳಸಬೇಕು, ಮೇಲಾಗಿ ಎಷ್ಟಿವೆ ಎಂದು ತಿಳಿದಿರಬೇಕು. ಸಾರಜನಕ ಅನಿಲ ಹರಿಯುವ ಗಾಜಿನ ನಳಿಗೆಗೆ ಮೈಕ್ರೋವೇವ್ ಕೊಡುತ್ತಾರೆ. ಮನೆಯ ಮೈಕ್ರೋವೇವ್ ಒಲೆಯಲ್ಲಿರುವ ಅದೇ 2450 ಮೆಗಾಹರ್ಟ್ಸ್. ಅಣುಗಳಲ್ಲಿ ಕೆಲವೇ ಕೆಲವು ಒಡೆಯುತ್ತವೆ. ಎಷ್ಟು ಒಡೆದವು?

ಇದಕ್ಕೆ ಅವರು ಮಾಡುವುದು ಟೈಟ್ರೇಷನ್. ಹೌದು, ನೀವು ಮಕ್ಕಳಿಗೆ ಬ್ಯುರೆಟ್ ಹಿಡಿಸಿ ಮಾಡಿಸುವ ಟೈಟ್ರೇಷನ್ನೇ, ಇಲ್ಲಿ ಅನಿಲಗಳಲ್ಲಿ. ಸಾರಜನಕದ ಪರಮಾಣುಗಳು ಹರಿಯುವಾಗ ನಳಿಗೆ ಹಳದಿಯಾಗಿ ಮಿನುಗುತ್ತಿರುತ್ತದೆ. ಅದಕ್ಕೆ ನೈಟ್ರಿಕ್ ಆಕ್ಸೈಡನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ. ಒಂದು ಸಾರಜನಕ ಪರಮಾಣು ಒಂದು ನೈಟ್ರಿಕ್ ಆಕ್ಸೈಡ್ ಅಣುವನ್ನು ಹಿಡಿದು, ಸಾರಜನಕ ಅಣುವಾಗಿ, ಒಂದು ಆಮ್ಲಜನಕ ಪರಮಾಣುವನ್ನು ಹೊರಗೆ ಬಿಡುತ್ತದೆ. ಹಳದಿ ಹೋಗಿ ನೀಲಿ-ನೇರಳೆ ಬರುತ್ತದೆ, ಉಳಿದ ಸಾರಜನಕ ಪರಮಾಣುಗಳು ಹೊಸ ಆಮ್ಲಜನಕ ಪರಮಾಣುಗಳ ಜೊತೆ ಕೂಡುವಾಗಿನ ಬೆಳಕು ಅದು. ಇನ್ನಷ್ಟು ಬಿಟ್ಟರೆ ನೀಲಿ ಮಂಕಾಗುತ್ತಾ ಬಂದು, ಒಂದು ಗಳಿಗೆಯಲ್ಲಿ ನಳಿಗೆ ಪೂರ್ತಿ ಕತ್ತಲು. ಸಾರಜನಕ ಪರಮಾಣು ಖಾಲಿ, ನೈಟ್ರಿಕ್ ಆಕ್ಸೈಡ್ ಖಾಲಿ, ಇರುವುದು ಬರೀ ಆಮ್ಲಜನಕ ಪರಮಾಣು. ಅದೇ ಎಂಡ್ ಪಾಯಿಂಟ್. ಇನ್ನೊಂದು ಚೂರು ಜಾಸ್ತಿ ಬಿಟ್ಟರೆ ಹಳದಿ ಮಿಶ್ರಿತ ಹಸಿರು ಬೆಳಕು ಹೊತ್ತಿಕೊಳ್ಳುತ್ತದೆ. ಕತ್ತಲಾದಾಗ ಎಷ್ಟು ನೈಟ್ರಿಕ್ ಆಕ್ಸೈಡ್ ಹೋಗುತ್ತಿತ್ತೋ, ಅಷ್ಟೇ ಸಾರಜನಕ ಪರಮಾಣು ಇದ್ದವು.

ಟೈಟ್ರೇಷನ್ ಮುಗಿದದ್ದನ್ನು ಬಣ್ಣದಿಂದ ತೋರಿಸುವ ಫಿನಾಲ್ಫ್ತಲೀನ್ ತಿಳಿಗುಲಾಬಿಯಾಗುವ ಆ ಒಂದು ಹನಿಗಾಗಿ ಉಸಿರು ಬಿಗಿಹಿಡಿದು ನಿಂತ ಪ್ರತಿ ಪಿಯು ವಿದ್ಯಾರ್ಥಿಗೂ ಇದು ಅರ್ಥವಾಗುತ್ತದೆ. ಇದನ್ನು ಬರೆಯಲು ನಿಮ್ಮಷ್ಟು ತಕ್ಕವರು ನನಗೆ ಗೊತ್ತಿಲ್ಲ. ಇಲ್ಲಿ ಎರಡು ಪುಟ ಬೇಕಾದರೂ ತಗೊಳ್ಳಿ. ಹೈಡ್ರೋಜನ್ ಪರಮಾಣುವಿಗೆ ಹೀಗೆ ಬಣ್ಣದ ಸಹಾಯ ಇಲ್ಲ ಎಂಬುದನ್ನೂ ಸೇರಿಸಿ. ದರ ಮೊದಲೇ ತಿಳಿದಿರುವ ಒಂದು ಕ್ರಿಯೆ ನಡೆಸಿ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ, ಎಷ್ಟು ಪರಮಾಣು ಬಂದವು ಎಂದು ತಿಳಿಯುತ್ತಾರೆ. ಹಾಗಾಗಿ ಒಂದು ಅಂಕಿ ಅಲುಗಿದರೆ ಅದನ್ನು ನಂಬಿದ ಅಂಕಿಗಳೆಲ್ಲ ಅಲುಗುತ್ತವೆ.

ಈ ಶ್ರಮದಿಂದ ಸಿಕ್ಕಿದ್ದೇನು ಎಂಬುದಕ್ಕೆ ಒಂದೇ ಉದಾಹರಣೆ ಸಾಕು: ನೀರು. ಬಾಹ್ಯಾಕಾಶದಲ್ಲಿ ಭಾರಿ ವೇಗದಲ್ಲಿ ಓಡುವ ಕಣ, ಅಂದರೆ ಕಾಸ್ಮಿಕ್ ಕಿರಣ, ಹೈಡ್ರೋಜನ್ ಅಣುವಿನ ಒಂದು ಎಲೆಕ್ಟ್ರಾನ್ ಕೀಳುತ್ತದೆ. ಅದು ಇನ್ನೊಂದು ಹೈಡ್ರೋಜನ್ ಅಣುವಿಗೆ ಸಿಕ್ಕಿ, ಮೂರು ಹೈಡ್ರೋಜನ್ ಪರಮಾಣುಗಳ ಅಯಾನು ಎಚ್-3 ಪ್ಲಸ್ ಆಗುತ್ತದೆ. ಅದಕ್ಕೆ ಆಮ್ಲಜನಕ ಪರಮಾಣು ಸಿಕ್ಕರೆ ಓಎಚ್ ಪ್ಲಸ್. ಮುಂದೆ ಹೈಡ್ರೋಜನ್ ಜೊತೆ ಎರಡು ಮೆಟ್ಟಿಲು ಹತ್ತಿ ಎಚ್-3-ಓ ಪ್ಲಸ್. ಕೊನೆಗೆ ಒಂದು ಎಲೆಕ್ಟ್ರಾನ್ ಬಂದು ಸೇರಿದಾಗ ಒಡೆದು, ಕೆಲವು ಸಲ ನೀರು, ಹೆಚ್ಚು ಸಲ ಓಎಚ್. ಈ ಸರಣಿಯ ಬಾಗಿಲಿನಂತಿರುವ ಎಚ್-3 ಪ್ಲಸ್ ಮತ್ತು ಆಮ್ಲಜನಕ ಪರಮಾಣುವಿನ ಕ್ರಿಯೆಯನ್ನು ಫೆಸೆನ್‌ಫೆಲ್ಡ್ 1976ರಲ್ಲಿ ಅಳೆದರು. 2000ದಲ್ಲಿ ನ್ಯೂಜಿಲೆಂಡಿನ ಮಿಲಿಗನ್ ಮತ್ತು ಮೆಕ್‌ಇವಾನ್ ಮತ್ತೆ ಅಳೆದರು. ನೀವು ಮಾತ್ರ ಹದಿನಾಲ್ಕು ಸಮೀಕರಣ ಸಾಲಾಗಿ ಕೊಟ್ಟಿದ್ದೀರಿ. ಹದಿಮೂರು ತೆಗೆಯಿರಿ.

"ಅಯಾನುಗಳ ಕ್ರಿಯೆಗಳೆಲ್ಲ ಶೀಘ್ರ" ಎಂಬ ಸಾಲೂ ಹೋಗಲಿ. ಕಾರ್ಬನ್ ಅಯಾನು ಹೈಡ್ರೋಜನ್ ಅಣುವಿನಿಂದ ಒಂದು ಪರಮಾಣು ಕಿತ್ತುಕೊಳ್ಳಲು ಸುಮಾರು 0.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ತಣ್ಣನೆಯ ಮೋಡದಲ್ಲಿ ಅದು ಎಲ್ಲಿಂದ ಬರಬೇಕು? ಅಮೋನಿಯಾ ಹುಟ್ಟುವ ದಾರಿಯಲ್ಲಿ ಇನ್ನೂ ವಿಚಿತ್ರ ಇದೆ. ಎನ್‌ಎಚ್-3 ಪ್ಲಸ್ ಮತ್ತು ಹೈಡ್ರೋಜನ್‌ನ ಕ್ರಿಯೆ ಚಳಿ ಹೆಚ್ಚಿದಂತೆ ನಿಧಾನವಾಗುತ್ತಾ ಹೋಗಿ, ಸುಮಾರು 100 ಕೆಲ್ವಿನ್ ಬಳಿಕ ತಿರುಗಿ, ಇನ್ನೂ ತಣ್ಣಗಾದಷ್ಟೂ ಚುರುಕಾಗುತ್ತದೆ. ಕೋಣೆಯ ಬಿಸಿಯಲ್ಲಿ ಅಳೆದು ಗೆರೆ ಮುಂದಕ್ಕೆಳೆದಿದ್ದರೆ ಪೂರ್ತಿ ತಪ್ಪುತ್ತಿದ್ದರು. ಅದಕ್ಕೇ ಜರ್ಮನಿಯಲ್ಲಿ ಡೀಟರ್ ಗೆರ್ಲಿಕ್ 22 ಸರಳುಗಳ ನಡುವೆ ಅಯಾನುಗಳನ್ನು ಕೂಡಿಹಾಕಿ ಹತ್ತು ಕೆಲ್ವಿನ್ ತನಕ ತಣಿಸುವ ಬಲೆ ಮಾಡಿದ್ದು, ಫ್ರಾನ್ಸಿನಲ್ಲಿ ಬರ್ಟ್ರಾಂಡ್ ರೋ ಅನಿಲವನ್ನು ಶಬ್ದಕ್ಕಿಂತ ವೇಗವಾಗಿ ಚಿಮ್ಮಿಸಿ ತಣಿಸಿದ್ದು.

ಇನ್ನೊಂದು ಕೊರತೆ ಹೇಳಲೇಬೇಕು. ನಿಮ್ಮ ಲೇಖನದಲ್ಲಿ ಯಾರೂ ಯಾರ ಜೊತೆಗೂ ವಾದ ಮಾಡುವುದಿಲ್ಲ. ಎಚ್-3 ಪ್ಲಸ್ ಎಲೆಕ್ಟ್ರಾನ್ ಜೊತೆ ಸೇರಿ ಎಷ್ಟು ಬೇಗ ನಾಶವಾಗುತ್ತದೆ ಎಂಬುದರ ಮೇಲೆ ಸುಮಾರು ಇಪ್ಪತ್ತು ವರ್ಷ ಜಗ್ಗಾಟ ನಡೆಯಿತು. 1984ರಲ್ಲಿ ಆಡಮ್ಸ್ ಮತ್ತು ಸ್ಮಿತ್ ತಮ್ಮ ಕೊಳವೆಯಲ್ಲಿ ನೋಡಿ, ತುಂಬಾ ನಿಧಾನ ಎಂದರು. ಆಮೇಲೆ ಅಳೆದ ಬೇರೆಯವರಿಗೆ ಅದಕ್ಕಿಂತ ಎಷ್ಟೋ ಚುರುಕಾದ ಅಂಕಿ ಬಂತು. 2003ರಲ್ಲಿ ಬೆನ್ ಮೆಕಾಲ್ ಮತ್ತು ಜೊತೆಗಾರರು ಅಯಾನನ್ನು ಮೊದಲೇ ತಣಿಸಿ, ಸ್ಟಾಕ್‌ಹೋಮ್‌ನ ಕ್ರೈರಿಂಗ್ ಎಂಬ, ಅಯಾನುಗಳನ್ನು ಕೂಡಿಡುವ ಉಂಗುರದಲ್ಲಿ ಸುತ್ತಿಸಿ ಅಳೆದರು. ಚುರುಕು ಎಂಬುದೇ ನಿಂತಿತು. ಈಗ ನೋಡಿ: ಜೀಟಾ ಪರ್ಸಿಯೈ ನಕ್ಷತ್ರದ ದಿಕ್ಕಿನ ಮೋಡದಲ್ಲಿ ಎಚ್-3 ಪ್ಲಸ್ ಧಾರಾಳವಾಗಿ ಕಂಡಿತ್ತು. ಅಷ್ಟು ಬೇಗ ನಾಶವಾಗುವುದು ಅಷ್ಟು ಉಳಿದಿದೆ ಎಂದರೆ ಅಷ್ಟೇ ಬೇಗ ಹುಟ್ಟುತ್ತಲೂ ಇರಬೇಕು. ಅಲ್ಲಿ ಕಾಸ್ಮಿಕ್ ಕಿರಣಗಳ ಹೊಡೆತ ಅಂದುಕೊಂಡಿದ್ದಕ್ಕಿಂತ ಸುಮಾರು ನಲವತ್ತು ಪಟ್ಟು ಎಂದು ಅವರು ಲೆಕ್ಕ ಕೊಟ್ಟರು. ಸ್ವೀಡನ್ನಿನ ಒಂದು ಉಂಗುರದಲ್ಲಿ ಸಿಕ್ಕ ಅಂಕಿ ಅಷ್ಟು ದೂರದ ಮೋಡದ ಕಥೆ ಬದಲಿಸಿತು. ನನಗೆ ಓದುವಾಗ ಮೈ ಜುಮ್ ಅಂದದ್ದು ಇಂಥ ಕಡೆ. ನಿಮ್ಮ ಓದುಗರಿಗೂ ಅದು ಸಿಗಬೇಕು.

ಭಾಷೆ. "ಅನಂತ ವ್ಯೋಮದ ನಿಗೂಢ ಗರ್ಭದಲ್ಲಿ ಪರಮಾಣುಗಳು ನರ್ತಿಸುತ್ತಿವೆ" ಎಂದು ಶುರು ಮಾಡಿದ್ದೀರಿ. ತರಗತಿಯಲ್ಲಿ ನೀವು ಹೀಗೆ ಮಾತಾಡುತ್ತೀರಾ? ಖಂಡಿತ ಇಲ್ಲ. ಆ ಹುಡುಗಿ ಎದ್ದು ಧೈರ್ಯವಾಗಿ ಪ್ರಶ್ನೆ ಕೇಳಿದಳು ಅಂದರೆ ನೀವು ಅವಳಿಗೆ ಅರ್ಥವಾಗುವ ಹಾಗೆ ಹೇಳುತ್ತೀರಿ ಎಂದೇ ಲೆಕ್ಕ. ಅದೇ ದನಿಯಲ್ಲಿ ಬರೆಯಿರಿ. 'ಅಯಾನು', 'ಪರಮಾಣು' ಇರಲಿ, ಎಲ್ಲರಿಗೂ ಗೊತ್ತು. 'ದ್ರವ್ಯರಾಶಿ ವರ್ಣಪಟಲಮಾಪಕ' ಬೇಡ. ಮಾಸ್ ಸ್ಪೆಕ್ಟ್ರೋಮೀಟರ್ ಅನ್ನಿ, ತೂಕ ನೋಡಿ ಅಯಾನು ಸೋಸುವ ಯಂತ್ರ ಎಂದು ಒಂದು ಸಲ ವಿವರಿಸಿ.

ಕೊನೆಯ ಎರಡು ಪುಟ, ಬೇರೆ ಗ್ರಹಗಳಲ್ಲಿ ಜೀವ ಇದೆಯೋ ಎಂಬ ಭಾಗ, ಪೂರ್ತಿ ತೆಗೆಯಿರಿ. ಅದು ಬೇರೆ ಲೇಖನ.

ಎಂಟು ಪುಟ ಮೀರದಂತೆ ಮತ್ತೆ ಬರೆದು ಕಳಿಸಿ. ಪರೀಕ್ಷೆ, ಮೌಲ್ಯಮಾಪನ ಎಲ್ಲ ಮುಗಿಸಿಕೊಂಡು ನಿಧಾನಕ್ಕೆ ಬರೆದರೂ ಸರಿ, ಜಾಗ ಇಟ್ಟಿರುತ್ತೇನೆ. ಜೊತೆಗೆ ಕೊಳವೆಯ ಒಂದು ಚಿತ್ರ ಬೇಕು. ಎಲ್ಲಿಂದಲೋ ತೆಗೆದದ್ದು ಬೇಡ, ಬೋರ್ಡಿನ ಮೇಲೆ ಬಿಡಿಸುವ ಹಾಗೆ ನೀವೇ ಪೆನ್ಸಿಲ್ಲಿನಲ್ಲಿ ಬಿಡಿಸಿ. ಹೀಲಿಯಂ ಎಲ್ಲಿ ಬರುತ್ತದೆ, ಪರಮಾಣುಗಳ ನಳಿಗೆ ಎಲ್ಲಿ ಕೂಡುತ್ತದೆ, ಪಂಪ್ ಎಲ್ಲಿದೆ ಎಂದು ಬಾಣ ಹಾಕಿ ತೋರಿಸಿ. ಮತ್ತೆ ಆ ಹುಡುಗಿಯನ್ನು ಕರೆದು ಒಂದು ಸಲ ಓದಿಸಿ. ಅವಳು ಇನ್ನೇನು ಕೇಳಿದಳು ಎಂದು ನನಗೂ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ